ಮೂರು ಬಡಿತಕ್ಕೊಂದು ಹೂಂ

“ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ? ಈಚೆ ಬಾ!”

ಮೇಸ್ತ್ರಿ ಕಿರುಚಿದ ರಭಸಕ್ಕೆ ಗಾಜಿನ ಗೋದಾಮಿನ ತಗಡು ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಮೊಟ್ಟೆ ಇಡುತ್ತಿದ್ದ ಒಂದು ಪಾರಿವಾಳ ಅರ್ಧಕ್ಕೇ ಕೆಲಸ ನಿಲ್ಲಿಸಿತು ಎಂದು ಆಮೇಲೆ ಹೇಳಿದವರೂ ಉಂಟು.

ತಕ್ಕಡಿ ಅಕ್ಕ ಕದಲಲಿಲ್ಲ. ಅವಳ ನೆತ್ತಿಗೆ ಸರಿಯಾಗಿ, ಎರಡಾಳೆತ್ತರದಲ್ಲಿ, ಎರಡು ಟನ್ ಗಾಜು ಮರದ ಚೌಕಟ್ಟಿನೊಳಗೆ ಕೂತು ಕ್ರೇನಿನ ಕೊಕ್ಕೆಗೆ ನೇತಾಡುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಮನೆಗೆ ಅಟ್ಟಿದ್ದರು. ಎತ್ತಿದ್ದನ್ನು ಇಳಿಸಿ ಹೋಗುವ ವ್ಯವಧಾನವೂ ಯಾರಿಗೂ ಇರಲಿಲ್ಲ.

“ಹನ್ನೊಂದು ದಿನದ ಹಿಂದೆ ನನ್ನ ತಮ್ಮ ನಿಂತಿದ್ದ ಜಾಗ ಇದೇ ತಾನೇ?” ಅಕ್ಕ ಚಪ್ಪಲಿ ಕಾಲಿನಿಂದ ನೆಲ ಗುದ್ದಿದಳು. ಅಲ್ಲಿ ಮಾತ್ರ ಸಿಮೆಂಟು ಹೊಸದಾಗಿ ಬೆಳ್ಳಗಿತ್ತು. “ಮಂಡಿಯಿಂದ ಕೆಳಗಿನ ಬಲಗಾಲನ್ನ ಇಲ್ಲೇ ಬಿಟ್ಟು ಹೋದ. ನೀವು ರಕ್ತದ ಮೇಲೆ ಸಿಮೆಂಟು ಬಳಿದ್ರಿ. ಹಾಗೇ ನಿಜದ ಮೇಲೂ ಬಳಿದ್ರಿ.”

“ತನಿಖಾ ಸಮಿತಿ ತೀರ್ಮಾನ ಮಾಡಿಯಾಗಿದೆ ಅಕ್ಕ. ನಾನೇನು ಮಾಡ್ಲಿ?”

“ನಿನ್ನ ಸಮಿತಿಗೆ ಬೆಂಕಿ ಬೀಳ! ಹೆಬ್ಬೆಟ್ಟು ಒತ್ತು. ಅಳಿಯನ ತಲೆ ತೊಳೆಯೋದನ್ನ ನಿಲ್ಲಿಸು. ಅಲ್ಲಿವರೆಗೂ ನಾನು ಈ ಗಾಜಿನ ಸುತ್ತಿನ ಹಳದಿ ಗೆರೆಯಿಂದಾಚೆ ಒಂದು ಹೆಜ್ಜೆ ಇಡಲ್ಲ.”

ಗೋಡೆ ಗಡಿಯಾರದಲ್ಲಿ ಮೂರು ಇಪ್ಪತ್ತು. ನಾಲ್ಕಕ್ಕೆ ಸರಿಯಾಗಿ ಅಳಿಯನ ನೆನಪೆಲ್ಲ ತಾನಾಗಿಯೇ ಅಳಿಸಿ ಹೋಗುವಂತೆ ಮಾಲೀಕರು ಮಾಡಿಟ್ಟಿದ್ದರು. ತಡೆಯಲು ಆಗುವುದು ಮೇಜಿನ ಮೇಲಿದ್ದ ಗಾಜಿನ ಬಿಲ್ಲೆಗೆ ಮಾತ್ರ. ಆ ಬಿಲ್ಲೆಗೆ ಗೊತ್ತಿದ್ದುದು ಒಂದೇ ಹೆಬ್ಬೆಟ್ಟು, ಮೇಸ್ತ್ರಿಯದು.

ಅಳಿಯ ಎಂದರೆ ಮನುಷ್ಯನಲ್ಲ. ಗೋದಾಮಿನ ಕಂಬಗಳಿಗೆ ಕಣ್ಣಿಟ್ಟು, ಕಬ್ಬಿಣಕ್ಕೆ ಕಿವಿಯಿಟ್ಟು, ಒಂದು ಡಬ್ಬಿಯಿಂದ ಮಾತಾಡುವ ಯಂತ್ರಬುದ್ಧಿ. ಎರಡು ವರ್ಷದ ಹಿಂದೆ ತಂದು ಕೂರಿಸಿದ ದಿನವೇ ಅಕ್ಕನ ತಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡಿ, “ಕೂತಲ್ಲೇ ಕೂತಿರ್ತಾನೆ, ಬೆವರು ಸುರಿಸೋರು ನಾವು, ಮರ್ಯಾದೆ ಎಲ್ಲಾ ಇವನಿಗೆ. ಯಂತ್ರ ಅಲ್ಲ ಕಣ್ರೋ, ಈ ಮನೆ ಅಳಿಯ!” ಎಂದಿದ್ದ. ಹೆಸರು ಅಂಟಿಕೊಂಡಿತು.

ತಮ್ಮನ ಕೆಲಸ ಕೊಕ್ಕೆಯದು. ಗಾಜಿನ ಚೌಕಟ್ಟಿಗೆ ಕೊಕ್ಕೆ ಸಿಕ್ಕಿಸಿ, ಹಳದಿ ಗೆರೆ ದಾಟಿ ಈಚೆ ಬಂದು, ಕಬ್ಬಿಣದ ಕಂಬಕ್ಕೆ ಸ್ಪ್ಯಾನರಿನಿಂದ ಮೂರು ಸಲ ಬಡಿಯಬೇಕು. ಟಣ್, ಟಣ್, ಟಣ್. ‘ನಾನು ಈಚೆ ಬಂದೆ, ಎತ್ತಿ’ ಎಂದು ಅದರ ಅರ್ಥ. ಕೂಗಿದರೆ ಕೇಳದಷ್ಟು ಸದ್ದಿನ ಕಾಲದಲ್ಲಿ ಹಳಬರು ಮಾಡಿಕೊಂಡ ಏರ್ಪಾಡು. ಅಳಿಯ ಬಂದಮೇಲೆ ಅವನಿಗೂ ಅದನ್ನೇ ಕಲಿಸಿದರು. ಬಡಿತ ಕೇಳಿ, ಗೆರೆಯೊಳಗೆ ಯಾರೂ ಇಲ್ಲ ಎಂದು ಕಣ್ಣಲ್ಲಿ ನೋಡಿ, ಅವನು “ಹೂಂ” ಅನ್ನಬೇಕು. ಹೂಂ ಅಂದರೇನೇ ಮೋಟಾರಿಗೆ ಜೀವ. ಆಮೇಲೆ ಮೇಲೆ ತಗಡಿನ ಗೂಡಿನಲ್ಲಿ ಕೂತ ಕ್ರೇನಿನವನು ಹಿಡಿಕೆ ಎಳೆಯುತ್ತಾನೆ.

ಆ ಕ್ರೇನಿನವನು ಬೇರೆ ಯಾರೂ ಅಲ್ಲ, ಅಕ್ಕನ ಗಂಡ. ಇಡೀ ದಿನ ಮೇಲೆಯೇ ಕೂತಿರುತ್ತಾನೆ ಎಂದು ಎಲ್ಲರೂ ಅವನನ್ನು ಗಿಡುಗ ಎನ್ನುತ್ತಿದ್ದರು.

ಅಂದು ಏನಾಯಿತು? ಅಳಿಯನ ದಾಖಲೆ ಹೇಳಿತು: ಮೂರು ಬಡಿತ ಬಿತ್ತು, ಹೂಂ ಅಂದೆ, ಭಾರ ಎದ್ದಿತು. ತಮ್ಮ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಹೇಳಿದ: ನಾನು ಬಡಿಯಲೇ ಇಲ್ಲ, ಒಂದು ಮರದ ಬೆಣೆ ಸಿಕ್ಕಿಕೊಂಡಿತ್ತು, ಬಿಡಿಸುತ್ತಿದ್ದೆ.

ಯಂತ್ರ ಸುಳ್ಳು ಹೇಳುತ್ತದೆಯೇ? ಹೇಳುವವನು ಮನುಷ್ಯನೇ. ಸಮಿತಿ ಅರ್ಧ ಗಂಟೆಯಲ್ಲಿ ಎದ್ದು ಹೋಯಿತು. ಬಡಿದು ಮತ್ತೆ ಒಳಗೆ ಹೋದ ಕೊಕ್ಕೆಯವನದೇ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಷ್ಟಕ್ಕೇ ಆಗಿದ್ದರೆ ಅಕ್ಕ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ಆದರೆ ಇವತ್ತು ಬೆಳಗ್ಗೆ ತಮ್ಮ ಅವಳ ಕೈ ಹಿಡಿದುಕೊಂಡು, “ಅಕ್ಕಾ, ನಾನೇ ಬಡಿದೆನೇನೋ ಕಣೆ. ಅಳಿಯ ಹೇಳ್ತಾನೆ ಅಂದ್ರೆ ಇರಬೇಕು. ಭಾವನೂ ‘ತಪ್ಪು ನಂದೇ’ ಅನ್ನೋ ಕಾಗದಕ್ಕೆ ಸೈನ್ ಹಾಕಿಬಿಡು ಅಂತಿದಾರೆ. ಸಂಜೆ ಹಾಕಿಬಿಡ್ತೀನಿ” ಎಂದ.

ತನ್ನ ಕೈಯನ್ನು ತಾನೇ ನಂಬದ ಹಾಗೆ ಮಾಡಿಬಿಟ್ಟಿದ್ದರು ಅವನನ್ನು! ಕಾಲು ಹೋಗಿದ್ದು ಗಾಜಿಗೆ. ಈ ನಂಬಿಕೆ ಹೋಗಿದ್ದು ಯಾರಿಗೆ? ಅಕ್ಕನ ಹೊಟ್ಟೆಯಲ್ಲಿ ಎದ್ದ ಸಿಟ್ಟು ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ರಟ್ಟೆಗೆ ಬಂದಿತ್ತು. ದಾರಿಯಲ್ಲಿ ಅವಳನ್ನು ನೋಡಿದ ಎರಡು ನಾಯಿಗಳು ತಾವೇ ಪಕ್ಕದ ಬೀದಿಗೆ ಹೋಗಿ ಬೊಗಳಿದವು.

“ಮೊದಲು ಇದನ್ನ ನೋಡು.” ಅಕ್ಕ ಚೀಲದಿಂದ ಒಂದು ತೊಗಲಿನ ಒರೆ ತೆಗೆದು ತೋರಿಸಿದಳು. ಒಳಗೆ ಸ್ಪ್ಯಾನರು. “ತಮ್ಮನ ಸೊಂಟದ್ದು. ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಿ ತೆಗೆದಾಗ ಹೀಗೇ ಇತ್ತು. ಒರೆ ಒಳಗೆ, ಗುಂಡಿ ಹಾಕಿ. ಬಡಿದವನು ಸ್ಪ್ಯಾನರನ್ನ ಒರೆಗೆ ಹಾಕಿ, ಗುಂಡಿ ಹಾಕಿ, ಆಮೇಲೆ ಕಾಲು ಕೊಡೋಕೆ ಒಳಗೆ ಹೋದ್ನಾ?”

ಮೇಸ್ತ್ರಿ ಮೀಸೆ ಒರೆಸಿಕೊಂಡ. “ಇನ್ನೇನಾದ್ರೂ ತಗೊಂಡು ಬಡಿದಿರಬಹುದು...”

“ಮೂಗಲ್ಲಿ ಬಡಿದಿರಬಹುದು! ಹೇಳು, ಹೇಳು.”

ಅಕ್ಕ ತಲೆಯಿಂದ ಒಂದು ಪಿನ್ನು ಕಿತ್ತು ತೋರಿಸಿದಳು. ತುದಿಗೆ ಕೆಂಪಗೆ ಏನೋ ಅಂಟಿತ್ತು. “ಈ ಗೆರೆ ನೋಡೋ ಕಣ್ಣಿದೆಯಲ್ಲ, ಕಂಬದ ಮೇಲೆ, ಏಣಿ ಪಕ್ಕ. ಅದನ್ನ ಒರೆಸಿ ಫಳಫಳ ಮಾಡಿದೀರಿ. ಸ್ಕ್ರೂ ಸಂದಿ ಒರೆಸೋದು ಮರೆತಿರಿ. ಕೆಂಪು ಗ್ರೀಸು. ಕೆಳಗೆ ನೀವು ಬಳಸೋದು ಕಪ್ಪು ಗ್ರೀಸು. ಕೆಂಪು ಇರೋದು ಮೇಲೆ ಗೂಡಲ್ಲಿ ಮಾತ್ರ. ಇಪ್ಪತ್ತು ವರ್ಷ ಗಂಡನ ಅಂಗಿ ಒಗೆದವಳಿಗೆ ಹೇಳ್ಬೇಡ.”

“ಅದಕ್ಕೇನೀಗ?”

“ಅವತ್ತು ಮೇಲಿಂದ ಯಾರೋ ಏಣಿ ಇಳಿದು ಬಂದ್ರು. ಗ್ರೀಸು ಕೈ ಕಣ್ಣಿಗೆ ತಾಗ್ತೋ, ತಾಗಿಸಿದ್ರೋ, ಅಳಿಯ ಕುರುಡಾದ.” ಅಕ್ಕನ ದನಿ ಒಂದು ಗಳಿಗೆ ತಗ್ಗಿತು. “ನನ್ನ ಗಂಡ ಮಾತ್ರ ಆಂಬುಲೆನ್ಸು ಬರೋವರೆಗೂ ಗೂಡು ಬಿಟ್ಟು ಇಳೀಲಿಲ್ಲ ಅಂತಾನೆ.”

ಮೇಸ್ತ್ರಿ ಮಾಡಿನ ಕಡೆ ನೋಡಿದ, ನೆಲದ ಕಡೆ ನೋಡಿದ, ಗಡಿಯಾರದ ಕಡೆ ನೋಡಿದ. ಅಕ್ಕನ ಕಡೆ ಮಾತ್ರ ನೋಡಲಿಲ್ಲ.

ಅಕ್ಕ ಮೂವತ್ತು ವರ್ಷ ತೂಕ ಅಳತೆ ಇಲಾಖೆಯಲ್ಲಿ ಅಂಗಡಿಗಳ ಸುಳ್ಳು ತಕ್ಕಡಿ ಪತ್ತೆ ಹಚ್ಚಿದವಳು. ಕಣ್ಣಳತೆಯಲ್ಲೇ ಆಳಿನ ತೂಕ ಹೇಳುತ್ತಿದ್ದಳು, ಕಾಲು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಒಮ್ಮೆ ನೆಗಡಿಯಾದವನೊಬ್ಬನನ್ನು ನೋಡಿ, “ಸೀನಿ ಬಾ, ಆಮೇಲೆ ಸರಿಯಾಗಿ ಹೇಳ್ತೀನಿ” ಎಂದಳಂತೆ. ಮೇಸ್ತ್ರಿ ಅವಳ ಲೆಕ್ಕದಲ್ಲಿ ತೊಂಬತ್ತೆರಡು ಕಿಲೋ. ಈಗ ಸುರಿಯುತ್ತಿದ್ದ ಬೆವರು ಕಳೆದರೆ ತೊಂಬತ್ತೊಂದೂವರೆ.

“ಅಳಿಯಾ!” ಎಂದು ಕೂಗಿದಳು.

“ಹೇಳಿ ಅಕ್ಕ.” ಡಬ್ಬಿಯಿಂದ ದನಿ ಬಂತು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ನುಣುಪಾದ ದನಿ. ಕೇಳಿದರೆ ಕೆನ್ನೆಗೆ ಹೊಡೆಯಬೇಕು ಅನ್ನಿಸುತ್ತಿತ್ತು, ಆದರೆ ಕೆನ್ನೆಯೇ ಇರಲಿಲ್ಲ.

“ಮೇಲೆ ಗೂಡಲ್ಲಿ ಈಗ ಯಾರಿದ್ದಾರೆ?”

“ಯಾರೂ ಇಲ್ಲ. ಗೂಡಿನಲ್ಲಿ ಸೊನ್ನೆ ಕಿಲೋ.”

ಅಕ್ಕನ ಕಿವಿ ನೆಟ್ಟಗಾಯಿತು. ಮನಸ್ಸಿನಲ್ಲೇ ಒಂದು ಗಂಟು ಹಾಕಿಕೊಂಡಳು. ಹಿಡಿಕೆ ಎಳೆಯುವವನಿಲ್ಲದೆ ಕ್ರೇನು ಕದಲುವುದಿಲ್ಲ, ಸರಿ. ಕರವಸ್ತ್ರ ಬಿಚ್ಚಿ, ಗೆರೆಯಂಚಿಗೆ ಹೋಗಿ, ಕಂಬದ ಮೇಲಿನ ಅಳಿಯನ ಕಣ್ಣಿಗೆ ಬಿಗಿಯಾಗಿ ಕಟ್ಟಿದಳು. ಮತ್ತೆ ಗಾಜಿನ ಕೆಳಗೆ ಬಂದು ನಿಂತು, ಸ್ಪ್ಯಾನರನ್ನು ನೆಲದ ಮೇಲೆ ಜಾರಿಸಿದಳು. ಅದು ಕಿರ್ರೆಂದು ಹೋಗಿ ಮೇಸ್ತ್ರಿಯ ಬೂಟಿಗೆ ಬಡಿಯಿತು.

“ಬಡಿ. ಮೂರು ಸಲ.”

“ನಾನ್ಯಾಕೆ?”

“ನನ್ನ ತಮ್ಮ ಬಡಿದ ಅಂತ ಹನ್ನೊಂದು ದಿನ ಬಡ್ಕೊಂಡ್ಯಲ್ಲ, ಆ ಬಾಯಿಗೆ ಕೈ ಸೇರಿಸು. ಬಡಿ!”

ಮೇಸ್ತ್ರಿ ಸ್ಪ್ಯಾನರು ಎತ್ತಿಕೊಂಡು ಕಂಬಕ್ಕೆ ಬಡಿದ. ಟಣ್. ಟಣ್. ಟಣ್.

“ಹೂಂ,” ಎಂದ ಅಳಿಯ.

ಮೇಲೆ ಮೋಟಾರು ಗುಂಯ್ ಎಂದು ಎದ್ದು, ಹಿಡಿಕೆ ಎಳೆಯುವವನಿಲ್ಲದೆ ಹಾಗೇ ಸುಮ್ಮನಾಯಿತು. ಅಕ್ಕನ ಬೆನ್ನುಹುರಿಯಲ್ಲಿ ಐಸುಗಡ್ಡೆ ಇಳಿಯಿತು. ಆ ಐಸು ಮರುಗಳಿಗೆಯಲ್ಲೇ ಕುದಿಯಿತು.

“ಯಾರೋ ಬಡಿದಿದ್ದು?”

“ಮೇಸ್ತ್ರಿ.”

“ನಾನೆಲ್ಲಿದೀನಿ?”

“ಕಣ್ಣು ಕಾಣ್ತಿಲ್ಲ. ಆದ್ರೆ ನಿಮ್ಮ ದನಿ ಗಾಜಿನ ಕೆಳಗಿಂದ ಬರ್ತಿದೆ.”

“ಗೊತ್ತಿದ್ದೂ ಹೂಂ ಅಂದ್ಯಾ? ಮುಂಡೇದೇ, ಗೊತ್ತಿದ್ದೂ ಅಂದ್ಯಾ?”

“ಕಣ್ಣು ಮುಚ್ಚಿದ್ರೆ ಕಿವಿ ಸಾಕು ಅಂತ ಹೇಳಿದಾರೆ. ಮೂರು ಬಡಿತ ಬಿದ್ರೆ ಹೂಂ ಅನ್ನಬೇಕು. ಬಡಿದವರು ಯಾರು ಅಂತ ನೋಡಬಾರದು. ಅನುಮಾನ ಬಂದ್ರೂ, ಕೇಳದೆ ಬಾಯಿ ಬಿಡಬಾರದು. ನಾಲ್ಕು ತಿಂಗಳ ಹಿಂದೆ ಎಲ್ಲರೂ ಸೈನ್ ಹಾಕಿದ ಕಾಗದದಲ್ಲಿ ಹಾಗೇ ಇದೆ.”

“ಎಲ್ಲರೂ ಅಂದ್ರೆ?”

“ಹದಿನಾಲ್ಕು ಜನ. ನಿಮ್ಮ ತಮ್ಮನೂ.”

ಆ ಕಾಗದದ ಕತೆ ಅಕ್ಕನಿಗೆ ಗೊತ್ತಿತ್ತು. ಮನೆಯಲ್ಲಿ ಗಂಡ, ತಮ್ಮ ಇಬ್ಬರೂ ಹೇಳಿಕೊಂಡು ನಕ್ಕಿದ್ದರು. ಮೊದಮೊದಲು ಅಳಿಯ ದಿನಕ್ಕೆ ನಲವತ್ತು ಸಲ “ಅನುಮಾನ” ಎಂದು ಕೆಲಸ ನಿಲ್ಲಿಸುತ್ತಿದ್ದ. ನೆರಳು ಬಿದ್ದರೆ ಅನುಮಾನ. ನೊಣ ಕೂತರೆ ಅನುಮಾನ. “ಅಳಿಯ ಅಂತ ತಂದ್ರೆ ಇವನು ಅತ್ತೆ ಆಗಿಬಿಟ್ನಲ್ಲ!” ಎಂದು ಗೋಳಾಡಿ, ಎಲ್ಲರೂ ಸೇರಿ ಅವನ ಬಾಯಿಗೆ ಬೀಗ ಹಾಕಿಸಿದ್ದರು. ಕೆಲಸ ಸರಸರ ಸಾಗಿತು. ಅಂದು ನಕ್ಕವರಲ್ಲಿ ತಾನೂ ಒಬ್ಬಳು ಎಂಬುದು ನೆನಪಾಗಿ ಅಕ್ಕನಿಗೆ ತನ್ನ ಮೇಲೂ ಸಿಟ್ಟು ಬಂತು. ಸಿಟ್ಟಿಗೆ ಆಗ ಅಲ್ಲಿ ಜಾಗದ ಕೊರತೆ ಇರಲಿಲ್ಲ.

“ಇವತ್ತು ಇನ್ನೊಂದ್ಸಲ ಬಡಿತ ಬಿದ್ರೆ?”

“ಕಾಗದ ಬದಲಾಗೋವರೆಗೂ ಹೂಂ ಅಂತೀನಿ ಅಕ್ಕ.”

“ಥೂ ನಿನ್ನ!” ಅಕ್ಕ ಉಗುಳಿದಳು. “ಮತ್ತೆ ಸಮಿತಿ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ? ಅವರು ಕೇಳಿದ್ರಲ್ಲ?”

“ಅವರು ಕೇಳಿದ್ದು ಒಂದೇ. ಮೂರು ಬಡಿತ ಬಿತ್ತಾ ಅಂತ. ಬಿತ್ತು ಅಂದೆ.”

“ಯಾರು ಬಡಿದ್ರು ಅಂತ?”

“ಕೇಳ್ಲಿಲ್ಲ.”

ಹನ್ನೊಂದು ದಿನ. ಮೂವರು ದೊಡ್ಡ ಮನುಷ್ಯರು, ಒಂದು ರಾಶಿ ಕಾಗದ, ಒಬ್ಬನ ಕಾಲು. ಒಂದೇ ಒಂದು ಪ್ರಶ್ನೆ ಯಾರ ನಾಲಿಗೆಗೂ ಬಂದಿರಲಿಲ್ಲ.

ಅಕ್ಕ ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದರೆ ಹುಷಾರಾಗಿರಬೇಕು ಎಂದು ಇಲಾಖೆಯಲ್ಲಿ ಜವಾನನಿಗೂ ಗೊತ್ತಿತ್ತು.

“ನಾನು ಕೇಳ್ತಿದೀನಿ. ಅವತ್ತು ಬಡಿತ ಎಲ್ಲಿಂದ ಬಂತು?”

“ಅಕ್ಕ, ಬೇಡ!” ಮೇಸ್ತ್ರಿ ಎರಡು ಹೆಜ್ಜೆ ಮುಂದೆ ಬಂದ. “ಅದು ಯಂತ್ರ. ಅದರ ಮಾತು ಕಟ್ಕೊಂಡು...”

“ಆಹಾ! ತಮ್ಮನ ಕಾಲು ಕಳೆಯೋವಾಗ ಅದರ ಮಾತು ದೇವರ ಮಾತು. ಈಗ ಯಂತ್ರದ ಮಾತಾ? ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು ನಿಂದು. ಬಾಯಿ ಮುಚ್ಚು. ಅಳಿಯಾ, ಹೇಳು.”

“ಮೇಲಿಂದ. ಗೂಡಿನ ಕಂಬಿಗೆ ಬಡಿದಿದ್ದು. ಕಬ್ಬಿಣದಲ್ಲಿ ಇಳಿದು ಬಂದ ಸದ್ದು. ನಿಮ್ಮ ತಮ್ಮನ ಬಡಿತ ಅಲ್ಲ ಅನ್ನೋ ಅನುಮಾನ ನನಗಿತ್ತು.”

ಅಕ್ಕನ ಕಾಲಿನ ಕೆಳಗಿನ ಹೊಸ ಸಿಮೆಂಟು ಹಸಿಯಾದಂತಾಯಿತು.

ಗೂಡು ಎಂದರೆ ಗಂಡ. ಗಂಡ ಎಂದರೆ ಹನ್ನೊಂದು ದಿನದಿಂದ ಆಸ್ಪತ್ರೆಯಲ್ಲಿ ತಮ್ಮನ ಬಾಯಿಗೆ ಚಮಚದಲ್ಲಿ ಗಂಜಿ ಹಿಡಿಯುತ್ತಿದ್ದವನು, ಬೆನ್ನು ಒರೆಸುತ್ತಿದ್ದವನು, “ಸೈನ್ ಹಾಕಿಬಿಡೋ, ಮನಸ್ಸಿಗೆ ನೆಮ್ಮದಿ” ಎನ್ನುತ್ತಿದ್ದವನು. ಮೂರು ಗಂಟೆಗೆ ಫೋನು ಮಾಡಿದಾಗಲೂ, “ಇವನ ಪಕ್ಕದಲ್ಲೇ ಇದೀನಿ ಕಣೆ, ಪೆನ್ನು ಹುಡುಕ್ತಿದೀನಿ” ಎಂದಿದ್ದ.

ಅವಳಿಗೆ ಹಾಕಿಟ್ಟ ಗಂಟು ನೆನಪಾಯಿತು. ಸೊನ್ನೆ ಕಿಲೋ.

“ಅಳಿಯಾ. ಗೂಡಲ್ಲಿ ಎಷ್ಟು ತೂಕ ಇದೆ ಅಂತ ನಿಂಗೆ ಗೊತ್ತಾಗುತ್ತಾ?”

“ಗೊತ್ತಾಗುತ್ತೆ. ಗೂಡು ನೇತಾಡೋ ಕಂಬಿಯಲ್ಲಿ ತಕ್ಕಡಿ ಇದೆ.”

ತಕ್ಕಡಿ! ಅಕ್ಕನ ಮುಖದಲ್ಲಿ ಹನ್ನೊಂದು ದಿನದಲ್ಲಿ ಮೊದಲ ಸಲ ಹಲ್ಲು ಕಂಡಿತು. ನಗುವಲ್ಲ, ಕಚ್ಚುವ ಮೊದಲಿನದು.

“ಅವತ್ತು, ಆ ಬಡಿತ ಬಿದ್ದ ಹೊತ್ತಲ್ಲಿ, ಗೂಡಲ್ಲಿ ಎಷ್ಟಿತ್ತು?”

“ತೊಂಬತ್ತೆರಡು ಕಿಲೋ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಸ್ತ್ರಿ ಹೊಟ್ಟೆ ಮುಟ್ಟಿ ನೋಡಿಕೊಂಡ.

“ನನ್ನ ಗಂಡ ಅರವತ್ತೆರಡು ಕಿಲೋ,” ಎಂದಳು ಅಕ್ಕ. “ಇಪ್ಪತ್ತು ವರ್ಷ ಬಡಿಸಿದೀನಿ, ಒಂದು ಗ್ರಾಂ ಏರ್ಲಿಲ್ಲ ಆ ಪ್ರಾಣಿ. ಅರವತ್ತೆರಡು ಹೇಗೋ ತೊಂಬತ್ತೆರಡಾಯ್ತು ಮೇಸ್ತ್ರಿ? ಗಾಳಿ ಕುಡಿದ್ನಾ?”

“ಅಕ್ಕ...”

“ನಿಂಗೆ ಕ್ರೇನು ನಡೆಸೋ ಪರವಾನಗಿ ಇದೆಯೇನೋ?”

“ಇಲ್ಲ.”

“ಬೊಗಳು!”

ಮೇಸ್ತ್ರಿ ಕುಸಿದು ಸ್ಟೂಲಿನ ಮೇಲೆ ಕೂತ. ಸ್ಟೂಲು ಅಯ್ಯೋ ಎಂದಿತು. ಆದರೆ ಬಾಯಿ ಬಿಟ್ಟಾಗ ಅವನ ದನಿಯಲ್ಲಿ ಅಳುವಿರಲಿಲ್ಲ, ಅವನಿಗೂ ಸಿಟ್ಟೇ ಇತ್ತು.

“ಬೊಗಳ್ತೀನಿ! ಕೇಳಿಸ್ಕೋ. ನಾನಾಗಿ ಹತ್ತಲಿಲ್ಲ. ನಿನ್ನ ಗಿಡುಗನೇ ಇಳಿದು ಬಂದು, ಐದು ನಿಮಿಷ ಕೂರು ಮೇಸ್ತ್ರಿ, ಒಂದೇ ಒಂದು ಎತ್ತು, ಈಗ ಬಂದೆ ಅಂದ. ಹೋದೆ. ಕೂತೆ. ಕೆಳಗೆ ಏನೂ ಕಾಣಲ್ಲ ಅಲ್ಲಿಂದ, ತಗಡು ಅಡ್ಡ. ಕೊಕ್ಕೆ ತಡ ಮಾಡಿದ್ರೆ ಏನ್ಮಾಡೋದು ಅಂತ ಕೇಳಿದೆ. ಮೇಲಿಂದಲೇ ಬಡಿ, ಅಳಿಯ ಹೂಂ ಅಂತಾನೆ ಅಂದ. ನಾವು ಯಾವಾಗ್ಲೂ ಹಾಗೇ ಮಾಡೋದು ಅಂದ.”

“ಸುಳ್ಳು!”

“ಅವನನ್ನೇ ಕೇಳು! ನಿನ್ನ ಹೊಸ ನೆಂಟನ್ನ!” ಮೇಸ್ತ್ರಿ ಡಬ್ಬಿಯ ಕಡೆ ಕೈ ಚಾಚಿದ.

ಅಕ್ಕ ಕೇಳಲಿಲ್ಲ. ಆದರೆ ಪ್ರಶ್ನೆ ಮೇಸ್ತ್ರಿಯ ಬಾಯಲ್ಲೇ ಬಂದಿತ್ತಲ್ಲ, ಅಳಿಯನಿಗೆ ಅಷ್ಟು ಸಾಕಿತ್ತು.

“ನಾಲ್ಕು ತಿಂಗಳಲ್ಲಿ ಇನ್ನೂರ ಹನ್ನೆರಡು ಸಲ ಬಡಿತ ಮೇಲಿಂದ ಬಂದಿದೆ. ಗೂಡಿನ ತೂಕ ಅರವತ್ತೆರಡು. ಪ್ರತಿ ಸಲವೂ ಕೆಳಗೆ ಯಾರೂ ಇರಲಿಲ್ಲ. ನಿಮ್ಮ ತಮ್ಮ ಗೆರೆಯಾಚೆ ನಿಂತು ನಗ್ತಿದ್ರು. ಅಷ್ಟು ಸಲ ಸರಿ ಇತ್ತು. ಹಾಗಾಗಿ ಇನ್ನೂರ ಹದಿಮೂರನೇದನ್ನೂ ನಂಬಿದೆ.”

ಭಾವ ಮೈದುನರ ಆಟ. ಅಳಿಯನಿಗೆ ಟೋಪಿ ಹಾಕುವ ಆಟ. ಕೆಳಗಿನವನು ಮೇಲಿನವನನ್ನು ನಂಬಿದ, ಮೇಲಿನವನು ಯಂತ್ರವನ್ನು ನಂಬಿದ, ಯಂತ್ರ ಇಬ್ಬರನ್ನೂ ನಂಬಿತು. ನೋಡುವ ಕೆಲಸ ಮಾತ್ರ ಯಾರಿಗೂ ಬೇಕಿರಲಿಲ್ಲ. ಅಕ್ಕನಿಗೆ ಮೂವರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡಬೇಕು ಅನ್ನಿಸಿತು.

“ಗಿಡುಗ ಇಳಿದು ಹೋಗಿದ್ದೆಲ್ಲಿಗೆ? ಮತ್ತೆ ಯಾಕೆ ಕುರ್ಚಿಯಲ್ಲಿ ನಾನೇ ಇದ್ದೆ ಅಂತ ಸಮಿತಿಗೆ ಹೇಳಿದ?”

“ನನಗೇನು ಗೊತ್ತು! ನಾನೇ ಕೂತಿದ್ದೆ ಅಂತೀನಿ, ನೀನು ಬಾಯಿ ಮುಚ್ಕೊಂಡಿರು ಅಂದ. ನನ್ನ ತಲೆ ಉಳೀತು, ಸುಮ್ಮನಾದೆ. ಯಾಕೆ ಅಂತ ಕೇಳ್ಲಿಲ್ಲ.” ಮೇಸ್ತ್ರಿ ಮುಖ ತಿರುಗಿಸಿದ. “ಕೇಳೋಕೆ ಹೆದರಿಕೆ ಆಯ್ತು. ನಿಮ್ಮ ಮನೆ ವಿಷಯ ಅಕ್ಕ. ಅಗೆದಷ್ಟೂ ನಿನ್ನ ಕಾಲ ಕೆಳಗೇ ಹಳ್ಳ.”

ಗಡಿಯಾರದಲ್ಲಿ ಮೂರು ಐವತ್ತೆರಡು.

“ಆಮೇಲೆ ಅಗೀತೀನಿ,” ಎಂದಳು ಅಕ್ಕ. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗರಗಸ. “ಗಂಡ ಹೋಗ್ಲಿ, ಮನೆ ಹೋಗ್ಲಿ. ಅಲ್ಲೊಬ್ಬ ತನ್ನ ಕೈಯನ್ನ ತಾನೇ ಸುಳ್ಳುಗಾರ ಅಂತಿದಾನೆ. ಇನ್ನೆಂಟು ನಿಮಿಷಕ್ಕೆ ಈ ಅಳಿಯನ ತಲೆ ತೊಳೆದುಬಿಟ್ರೆ, ಅವನು ಸಾಯೋವರೆಗೂ ಹಾಗೇ ಅಂತಾನೆ. ಎದ್ದೇಳು. ಹೆಬ್ಬೆಟ್ಟು ಒತ್ತು.”

“ಒತ್ತಿದ್ರೆ ನಾನು ಜೈಲಿಗೆ.”

“ಒತ್ತದಿದ್ರೆ ನಾನು ಈ ಗಾಜಿನ ಕೆಳಗೇ. ನಾಲ್ಕಾದ್ರೂ ಇಲ್ಲೇ, ನಾಳೆಯೂ ಇಲ್ಲೇ. ಕೆಳಗೆ ಒಬ್ಬರಿದ್ದಾಗ ಎತ್ತೋದು ನಿಂಗೆ ಅಭ್ಯಾಸ ತಾನೇ?”

ಆ ಮಾತು ನೆಟ್ಟಗೆ ಹೋಗಿ ನಾಟಿತು. ಮೇಸ್ತ್ರಿ ಎದ್ದ. ಮೇಜಿನ ಹತ್ತಿರ ಹೋದ. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. ಒಂದು ಸಲ ಒರೆಸಿದ, ಎರಡು ಸಲ ಒರೆಸಿದ. ಬಿಲ್ಲೆಯ ಮೇಲೆ ಬೆರಳು ಇಳಿಯುತ್ತಿತ್ತು. ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗವಿತ್ತು.

ಟಣ್.

ಮೇಸ್ತ್ರಿ ಆಗ ಬಡಿದು ಬಿಸಾಕಿದ ಸ್ಪ್ಯಾನರು ಕಂಬದ ಬುಡದಲ್ಲೇ ಬಿದ್ದಿತ್ತು.

ಟಣ್.

ಸದ್ದು ಮೇಲಿಂದ ಬಂದಿತ್ತು.

ಟಣ್.

“ಹೂಂ,” ಎಂದ ಅಳಿಯ.

ಮೋಟಾರು ಗುಂಯ್ ಎಂದು ಎದ್ದಿತು. ಈ ಸಲ ಸುಮ್ಮನಾಗಲಿಲ್ಲ. ಅಕ್ಕನ ನೆತ್ತಿಯ ಮೇಲೆ ಸರಪಳಿಯ ಒಂದೊಂದು ಬಳೆಯೂ ಕಟಕಟ ಹಲ್ಲು ಕಡಿಯಿತು. ಎರಡು ಟನ್ ಗಾಜು ನಿದ್ದೆಯಿಂದ ಎದ್ದಂತೆ ಮೈ ಮುರಿಯಿತು.

“ಅಳಿಯಾ!” ಅಕ್ಕ ಡಬ್ಬಿಯತ್ತ ತಿರುಗಿದಳು. “ಗೂಡಲ್ಲಿ ಈಗ ಎಷ್ಟು?”

“ಅರವತ್ತೆರಡು ಕಿಲೋ. ಆರು ನಿಮಿಷದಿಂದ. ಹಿಂಬಾಗಿಲ ಕಡೆ ಏಣಿಯಿಂದ ಹತ್ತಿದ್ರು.”

“ಯಾಕೋ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅರವತ್ತೆರಡು. ಇಪ್ಪತ್ತು ವರ್ಷದಲ್ಲಿ ಒಂದು ಗ್ರಾಂ ಏರದವನು. ಅವಳು ತಲೆಯೆತ್ತಿ ಕೂಗಿದಳು, “ರೀ! ನಾನ್ರೀ ಕೆಳಗಿರೋದು! ಕೇಳಿಸ್ತಾ?”

ಗಾಜು ಒಂದು ಗೇಣು ವಾಲಿತು. ಚೌಕಟ್ಟಿನಿಂದ ಒಂದು ಮರದ ಬೆಣೆ ಕಳಚಿ ಅವಳ ಭುಜ ಸವರಿಕೊಂಡು ಬಿತ್ತು.

“ಬಲಕ್ಕೆ!” ಮೇಸ್ತ್ರಿ ಮೇಜಿನ ಹತ್ತಿರದಿಂದ ಅರಚಿದ. “ಬಲಕ್ಕೆ ಹಾರು ಅಕ್ಕ! ನಂಗೆ ಕಾಣ್ತಿದೆ! ಎಡಕ್ಕೆ ಹೋದ್ರೆ ಸತ್ತೆ!”

ಅವನ ಹೆಬ್ಬೆರಳು ಇನ್ನೂ ಬಿಲ್ಲೆ ಮುಟ್ಟಿರಲಿಲ್ಲ. ಅವಳು ಸತ್ತರೆ ಅದು ಮುಟ್ಟುವ ಅಗತ್ಯವೂ ಇರಲಿಲ್ಲ.

ಅಕ್ಕ ಕಂಬದ ಕಡೆ ನೋಡಿದಳು. ಅಳಿಯನ ಕಣ್ಣಿಗೆ ಅವಳೇ ಕಟ್ಟಿದ ಕರವಸ್ತ್ರ, ಅವಳೇ ಬಿಗಿದ ಗಂಟು. ಕೇಳದೆ ಅವನು ಹೇಳುವವನಲ್ಲ. ಕೇಳಿದರೆ ಸುಳ್ಳು ಹೇಳಿದವನಲ್ಲ. ತಮ್ಮನ ತಲೆಯ ಮೇಲೆ ಹೂಂ ಅಂದವನೂ ಅವನೇ, ಈಗ ತನ್ನ ತಲೆಯ ಮೇಲೆ ಅಂದವನೂ ಅವನೇ.

“ಅಳಿಯಾ, ಯಾವ ಕಡೆ ಹೋಗ್ಲಿ?”

“ಎಡಕ್ಕೆ ಮೂರು ಹೆಜ್ಜೆ, ಅಕ್ಕ. ಬಲಗಡೆ ಸರಪಳಿ ಹರೀತಾ ಇರೋದು ಕೇಳಿಸ್ತಿದೆ.”

“ಅದು ಕುರುಡು ಅಕ್ಕ!” ಮೇಸ್ತ್ರಿಯ ದನಿ ಸೀಳಿತು. “ಬಲಕ್ಕೆ!”

ಅಕ್ಕ ಕಾಲೆತ್ತಿದಳು.